ಅದೇ ಡೋಸ್, ಬೇರೆ ಕೋಣೆ

ಒಬ್ಬ ತಂದೆಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಆಗಿತ್ತು. ನೋವು ಬಹಳ. ಮನೆಯಲ್ಲೇ ಮಲಗಿಸಿ ನೋಡಿಕೊಳ್ಳುತ್ತಿದ್ದರು. ನೋವು ತಡೆಯಲು ಡಾಕ್ಟರ್ ಮಾರ್ಫೀನ್ ಇಂಜೆಕ್ಷನ್ ಬರೆದಿದ್ದರು. ಹೊತ್ತು ಹೊತ್ತಿಗೆ ಅದನ್ನು ಕೊಡುತ್ತಿದ್ದವನು ಮಗ. ಹೀಗೆ ಸುಮಾರು ನಾಲ್ಕು ವಾರ ನಡೆದಿತ್ತು.

ಅವರು ಮಲಗುತ್ತಿದ್ದ ಕೋಣೆಯಲ್ಲಿ ಬೆಳಕು ಕಡಿಮೆ. ಮಂಚದ ಸುತ್ತ ಆಸ್ಪತ್ರೆಯಲ್ಲಿ ಇರುವಂಥ ಸಾಮಾನುಗಳು. ನಾಲ್ಕು ವಾರದ ಎಲ್ಲಾ ಇಂಜೆಕ್ಷನ್‌ಗಳೂ ಆ ಕೋಣೆಯಲ್ಲೇ ಆಗಿದ್ದವು.

ಒಂದು ದಿನ ತಂದೆ ಹೇಗೋ ಮೈ ಎಳೆದುಕೊಂಡು ಹಾಲ್‌ಗೆ ಬಂದುಬಿಟ್ಟರು. ಹಾಲ್‌ನಲ್ಲಿ ಬೆಳಕು ಜೋರಾಗಿತ್ತು. ಅಲ್ಲಿ ಮಂಚವೂ ಇಲ್ಲ, ಆ ಸಾಮಾನುಗಳೂ ಇಲ್ಲ. ಮಗ ನೋಡಿದಾಗ ಅವರು ತುಂಬಾ ನೋವಿನಲ್ಲಿದ್ದರು. ಇಂಜೆಕ್ಷನ್ ಕೊಡುವ ಹೊತ್ತೂ ಆಗಿತ್ತು. ಮಗ ಅಲ್ಲೇ, ಹಾಲ್‌ನಲ್ಲೇ ಕೊಟ್ಟ. ದಿನಾ ಕೊಡುವಷ್ಟೇ ಕೊಟ್ಟ.

ಸ್ವಲ್ಪ ಹೊತ್ತಿಗೆ ಏನೋ ಸರಿಯಿಲ್ಲ ಅಂತ ಅವನಿಗೆ ಗೊತ್ತಾಯಿತು. ತಂದೆಯ ಕಣ್ಣಿನ ಪಾಪೆ ಎಂದೂ ಇಲ್ಲದಷ್ಟು ಚಿಕ್ಕದಾಗಿತ್ತು. ಉಸಿರು ಮೇಲೆ ಮೇಲೆ ಮಾತ್ರ ಆಡುತ್ತಿತ್ತು. ಮಾರ್ಫೀನ್ ಜಾಸ್ತಿಯಾದವರಲ್ಲಿ ಕಾಣುವ ಲಕ್ಷಣಗಳು ಇವು. ಡಾಕ್ಟರಿಗೆ ಫೋನ್ ಹೋಯಿತು. ಕೆಲವು ಗಂಟೆಗಳಲ್ಲಿ ತಂದೆ ತೀರಿಕೊಂಡರು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಶೆಪರ್ಡ್ ಸೀಗಲ್ ಮತ್ತು ಅವರ ಜೊತೆಗಾರರೊಬ್ಬರು 1986ರಲ್ಲಿ ಈ ಸಾವಿನ ಬಗ್ಗೆ ಬರೆದು ಪ್ರಕಟಿಸಿದರು. ಅದನ್ನು ಅವರು ಓವರ್‌ಡೋಸ್ ಎಂದು ಖಚಿತವಾಗಿ ಕರೆಯಲಿಲ್ಲ. ಮೇಲ್ನೋಟಕ್ಕೆ ಓವರ್‌ಡೋಸ್ ಎಂದರು. ಏಕೆಂದರೆ ಡೋಸ್ ಒಂದು ಹನಿಯೂ ಹೆಚ್ಚಾಗಿರಲಿಲ್ಲ. ಹಿಂದಿನ ದಿನ ಅಷ್ಟೇ ಔಷಧಿಯನ್ನು ಅದೇ ಮೈ ಸಲೀಸಾಗಿ ತಾಳಿಕೊಂಡಿತ್ತು.

ಈ ಪ್ರಕರಣ ನೆನಪಾದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಮಗ. ಅಪ್ಪ ಕಣ್ಣೆದುರು ನರಳುತ್ತಿದ್ದಾರೆ. ಹೊತ್ತಾಗಿದೆ. ಔಷಧಿ ಕೈಯಲ್ಲಿದೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನೀವೂ ಅದನ್ನೇ ಮಾಡುತ್ತಿದ್ದಿರಿ ಅಲ್ವಾ? ಅವನ ಕಡೆಯಿಂದ ಒಂದು ತಪ್ಪೂ ಆಗಿಲ್ಲ. ಹಾಗಾದರೆ ಆ ದಿನ ಬದಲಾಗಿದ್ದು ಏನು?

ಮೈ ಒಗ್ಗುವುದು ಅಂದರೆ

ಒಂದು ಔಷಧಿಗೆ ಅಥವಾ ಹೆಂಡಕ್ಕೆ ಮೈ ಒಗ್ಗಿಹೋಗುವುದನ್ನು ಡಾಕ್ಟರುಗಳು ಟಾಲರೆನ್ಸ್ ಅನ್ನುತ್ತಾರೆ. ಮೊದಲು ಇಷ್ಟಕ್ಕೇ ಆಗುತ್ತಿದ್ದ ಪರಿಣಾಮಕ್ಕೆ ಈಗ ಅಷ್ಟು ಬೇಕು. ನಮ್ಮೂರ ಕಡೆ ಕುಡಿಯುವವರ ಮಾತಲ್ಲಿ ಹೇಳಬೇಕಾದರೆ, ಮೊದಲು ನೈಂಟಿಗೇ ಏರುತ್ತಿತ್ತು, ಈಗ ಕ್ವಾರ್ಟರ್ ಹಾಕಿದರೂ ಏರಲ್ಲ.

ಇದರಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದು ಲಿವರ್‌ನದು. ದಿನಾ ಕುಡಿಯುವವರ ಲಿವರ್‌ನಲ್ಲಿ ಸಿವೈಪಿ2ಇ1 ಎಂಬ ಕಿಣ್ವ ಹೆಚ್ಚಾಗುತ್ತದೆ. ಸಾಮಾನ್ಯವಾಗಿ ಆಲ್ಕೋಹಾಲ್ ಒಡೆಯುವ ಮುಖ್ಯ ಕೆಲಸ ಬೇರೆ ಕಿಣ್ವದ್ದು. ಕುಡಿತ ಜಾಸ್ತಿಯಾದಂತೆ ಈ ಎರಡನೇ ದಾರಿಯೂ ತೆರೆದುಕೊಳ್ಳುತ್ತದೆ, ರಕ್ತದಿಂದ ಹೆಂಡ ಬೇಗ ಖಾಲಿಯಾಗುತ್ತದೆ. ಮಾರ್ಫೀನ್ ವಿಷಯದಲ್ಲಿ ಲಿವರ್‌ನ ಈ ಪಾತ್ರ ಸಣ್ಣದು.

ಇನ್ನೊಂದು ಕೆಲಸ ನರಕೋಶಗಳಲ್ಲಿ ಆಗುತ್ತದೆ. ಮಾರ್ಫೀನ್ ಹೋಗಿ ಕೂರುವ ಒಂದು ಜಾಗ ಕೋಶದ ಮೇಲೆ ಇದೆ. ಅದಕ್ಕೆ ಮ್ಯೂ ರಿಸೆಪ್ಟರ್ ಅಂತ ಹೆಸರು. ಮತ್ತೆ ಮತ್ತೆ ಮಾರ್ಫೀನ್ ಬಂದು ಕೂತರೆ ಆ ರಿಸೆಪ್ಟರ್‌ನ ಸಂದೇಶ ಮೊದಲಿನಷ್ಟು ಒಳಗೆ ಹೋಗುವುದಿಲ್ಲ. ಕೆಲವನ್ನು ಕೋಶ ಒಳಕ್ಕೇ ಎಳೆದುಕೊಂಡುಬಿಡುತ್ತದೆ. ಆಲ್ಕೋಹಾಲ್‌ನ ಕತೆ ಸ್ವಲ್ಪ ಬೇರೆ. ಅದು ಮೆದುಳಿನ ಬ್ರೇಕ್ ಒತ್ತುತ್ತದೆ, ಅಂದರೆ ಗ್ಯಾಬಾ ಎಂಬ ರಾಸಾಯನಿಕದ ಕೆಲಸವನ್ನು ಜೋರು ಮಾಡುತ್ತದೆ. ಜೊತೆಗೆ ಗ್ಲುಟಮೇಟ್ ಎಂಬ ಆಕ್ಸಿಲರೇಟರ್ ಅನ್ನು ತಗ್ಗಿಸುತ್ತದೆ. ದಿನಾ ಹೀಗಾದರೆ ಮೆದುಳು ಸುಮ್ನೆ ಕೂರುವುದಿಲ್ಲ. ಬ್ರೇಕ್ ಸಡಿಲ ಮಾಡಿಕೊಂಡು ಆಕ್ಸಿಲರೇಟರ್ ಬಿಗಿ ಮಾಡಿಕೊಳ್ಳುತ್ತದೆ. ಅಂಥವರಿಗೆ ಹೆಂಡ ಒಮ್ಮೆಲೇ ನಿಂತರೆ ಕೈ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣಿಸುತ್ತದೆ.

ಆದರೆ ಇವೆರಡರಿಂದ ಆ ತಂದೆಯ ಸಾವನ್ನು ವಿವರಿಸಲು ಆಗುವುದಿಲ್ಲ. ಲಿವರ್ ಆಗಲಿ, ನರಕೋಶಗಳಾಗಲಿ, ಕೋಣೆಯಿಂದ ಹಾಲ್‌ಗೆ ಬಂದ ಮಾತ್ರಕ್ಕೆ ಬದಲಾಗುವಂಥವಲ್ಲ. ಮೈಯೊಂದಿಗೆ ಅವೂ ಹಾಲ್‌ಗೆ ಬಂದಿದ್ದವು.

ಸೀಗಲ್ ಹೇಳಿದ್ದು ಇನ್ನೊಂದು ಕೆಲಸದ ಬಗ್ಗೆ. ಟಾಲರೆನ್ಸ್‌ನ ಒಂದು ಪಾಲು ಮೈ ಕಲಿತ ಪಾಠ. ಪಾಠ ಅಂದಮೇಲೆ ಅದು ಎಲ್ಲಿ ಕಲಿತದ್ದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಹುಣಸೆಹಣ್ಣು ನೆನೆಸಿಕೊಂಡರೇ ಬಾಯಲ್ಲಿ ನೀರು ಬರುತ್ತದೆ. ಹಣ್ಣು ನಾಲಿಗೆಗೆ ತಾಗಿರುವುದೇ ಇಲ್ಲ. ಮುಂದೆ ಏನು ಬರಲಿದೆ ಅಂತ ಮೈಗೆ ಮೊದಲೇ ಗೊತ್ತು, ಸಿದ್ಧವಾಗುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲಿ ತೋರಿಸಿಕೊಟ್ಟಿದ್ದು ಇದನ್ನೇ. ಔಷಧಿಯ ವಿಷಯದಲ್ಲೂ ಮೈ ಹೀಗೇ ಸಿದ್ಧವಾಗುತ್ತದೆ. ಆದರೆ ಅಲ್ಲಿನ ಸಿದ್ಧತೆ ಔಷಧಿಯ ಪರಿಣಾಮಕ್ಕೆ ವಿರುದ್ಧವಾಗಿರುತ್ತದೆ.

ಎಪಿಎಂಸಿ ಯಾರ್ಡಿನಲ್ಲಿ ಲಾರಿಯಿಂದ ಅಕ್ಕಿ ಮೂಟೆ ಇಳಿಸುವ ಹಮಾಲರನ್ನು ನೋಡಿರುತ್ತೀರಿ. ಮೂಟೆ ಹೆಗಲಿಗೆ ಬರುವ ಮೊದಲೇ ಅವರು ಕಾಲು ಊರಿ, ಬೆನ್ನು ಬಿಗಿ ಮಾಡಿ ನಿಂತಿರುತ್ತಾರೆ. ಅದಕ್ಕೇ ಐವತ್ತು ಕೆಜಿ ಬಿದ್ದರೂ ಅಲುಗುವುದಿಲ್ಲ. ಅದೇ ಆಳು ಬೇರೆಲ್ಲೋ ಮೈಮರೆತು ನಿಂತಿದ್ದಾಗ ಅದೇ ಮೂಟೆ ಹೆಗಲಿಗೆ ಬಿದ್ದರೆ ಕುಸಿದುಬಿಡುತ್ತಾನೆ. ತೂಕವೂ ಅದೇ, ಆಳೂ ಅವನೇ.

ಮಾರ್ಫೀನ್ ಉಸಿರನ್ನು ಮಂದ ಮಾಡುತ್ತದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ ಉಸಿರಾಡು ಅಂತ ಎಚ್ಚರಿಸುವ ಜಾಗ ಮೆದುಳಿನ ಬುಡದಲ್ಲಿದೆ. ಮಾರ್ಫೀನ್ ಆ ಎಚ್ಚರವನ್ನೇ ಮಂಕು ಮಾಡುತ್ತದೆ. ನಾಲ್ಕು ವಾರ ಅದೇ ಮಬ್ಬು ಬೆಳಕಿನ ಕೋಣೆ, ಅದೇ ಮಂಚ, ಅದೇ ಸಾಮಾನು. ಇವೆಲ್ಲ ಸೇರಿ ಮಾರ್ಫೀನ್ ಬರುತ್ತಿದೆ ಎಂಬ ಗುರುತಾಗಿದ್ದವು. ಆ ಗುರುತು ಸಿಕ್ಕಾಗ ಮೈ ಆ ವಿರುದ್ಧ ಸಿದ್ಧತೆ ಮಾಡಿಕೊಳ್ಳುತ್ತಿತ್ತು. ಹಾಲ್‌ನಲ್ಲಿ ಗುರುತು ಸಿಗಲಿಲ್ಲ. ಸಿದ್ಧತೆ ಆಗಲಿಲ್ಲ. ಮೂಟೆ ಮಾತ್ರ ಬಂದು ಬಿತ್ತು.

ಸೀಗಲ್ ಅವರ ವಿವರಣೆ ಇದು.

ಒಂದೇ ಕೇಸ್ ನಂಬಬಹುದಾ

ಈ ಪ್ರಶ್ನೆ ಕೇಳಲೇಬೇಕು. ಒಬ್ಬರ ಸಾವಿನಿಂದ ಒಂದು ಸಿದ್ಧಾಂತ ಸಾಬೀತಾಗುವುದಿಲ್ಲ. ಅದರಲ್ಲೂ ಇಲ್ಲಿ ರೋಗಿಗೆ ಇದ್ದದ್ದು ಪ್ಯಾಂಕ್ರಿಯಾಸ್ ಕ್ಯಾನ್ಸರ್. ಬೇರೆ ಕಾರಣಗಳನ್ನು ಯೋಚಿಸದೆ ಬಿಡುವ ಹಾಗಿಲ್ಲ.

ಮಾರ್ಫೀನ್ ಲಿವರ್‌ನಲ್ಲಿ ರೂಪ ಬದಲಿಸಿ ಕಿಡ್ನಿ ಮೂಲಕ ಹೊರಹೋಗುತ್ತದೆ. ಹಾಗೆ ಬದಲಾದ ರೂಪಗಳಲ್ಲಿ ಒಂದಕ್ಕೆ ಮಾರ್ಫೀನ್‌ನಂತೆಯೇ ಶಕ್ತಿ ಇದೆ. ಕಿಡ್ನಿ ಸೋತರೆ ಅದು ಮೈಯಲ್ಲೇ ಸೇರುತ್ತಾ ಹೋಗುತ್ತದೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಪಿತ್ತನಾಳವನ್ನು ಒತ್ತಿ ಲಿವರನ್ನೂ ಹಾಳು ಮಾಡಬಲ್ಲದು. ಮಂಚ ಬಿಟ್ಟು ಏಳದ ಮನುಷ್ಯ ಹಾಲ್‌ವರೆಗೆ ಮೈ ಎಳೆದುಕೊಂಡು ಬಂದಿದ್ದರು, ಆ ಆಯಾಸ ಬೇರೆ. ಕೊನೆಯ ದಿನಗಳಲ್ಲಿ ಉಸಿರು ತಾನಾಗಿಯೇ ಕುಗ್ಗುವುದೂ ಉಂಟು. ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ.

ಆದರೂ ನಾನು ಸೀಗಲ್ ಕಡೆಗೇ ವಾಲುತ್ತೇನೆ. ಈ ಕೇಸ್ ಪ್ರಕಟವಾಗುವ ನಾಲ್ಕು ವರ್ಷ ಮೊದಲೇ ಅವರು ಇಲಿಗಳ ಮೇಲೆ ಇದೇ ಪ್ರಶ್ನೆ ಇಟ್ಟುಕೊಂಡು ಪ್ರಯೋಗ ಮಾಡಿ ಮುಗಿಸಿದ್ದರು. ಹಾಲ್‌ನಲ್ಲಿ ನಡೆದದ್ದು ಆ ಪ್ರಯೋಗದ ಹಾಗೇ ಇತ್ತು.

1982ರ ಆ ಪ್ರಯೋಗದಲ್ಲಿ ಇಲಿಗಳಿಗೆ ಹೆರಾಯಿನ್ ಕೊಟ್ಟರು, ಮಾರ್ಫೀನ್‌ನಿಂದಲೇ ಮಾಡುವ ಡ್ರಗ್ ಅದು. ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಒಗ್ಗಿಸಿದರು. ಆಮೇಲೆ ಒಮ್ಮೆ ದೊಡ್ಡ ಡೋಸ್. ಹೆರಾಯಿನ್ ರುಚಿಯೇ ಗೊತ್ತಿಲ್ಲದ ಇಲಿಗಳಿಗೂ ಅಷ್ಟೇ ಕೊಟ್ಟರು. ಅವುಗಳಲ್ಲಿ ಶೇ 96 ಸತ್ತವು. ಒಗ್ಗಿದ್ದ ಇಲಿಗಳಲ್ಲಿ ಎರಡು ಗುಂಪು. ಒಗ್ಗಿದ ಜಾಗದಲ್ಲೇ ದೊಡ್ಡ ಡೋಸ್ ಪಡೆದವುಗಳಲ್ಲಿ ಶೇ 32 ಸತ್ತವು. ಬೇರೆ ಜಾಗದಲ್ಲಿ ಪಡೆದವುಗಳಲ್ಲಿ ಶೇ 64 ಸತ್ತವು. ಎರಡೂ ಗುಂಪಿನ ಮೈಗೆ ಅಲ್ಲಿವರೆಗೆ ಹೋಗಿದ್ದ ಹೆರಾಯಿನ್ ಒಂದೇ ಅಳತೆ. ಕೋಣೆ ಬದಲಾದದ್ದಕ್ಕೆ ಸಾವು ಎರಡರಷ್ಟಾಯಿತು.

ಈ ಅಂಕಿಗಳಲ್ಲಿ ಇನ್ನೊಂದು ವಿಷಯ ಅಡಗಿದೆ. ಹೊಸ ಜಾಗದಲ್ಲಿ ಸತ್ತದ್ದು ಶೇ 64, ಶೇ 96 ಅಲ್ಲ. ಅಂದರೆ ಟಾಲರೆನ್ಸ್ ಪೂರ್ತಿ ಮಾಯವಾಗಲಿಲ್ಲ. ಒಂದು ಪಾಲು ಮೈಯ ಜೊತೆಗೇ ಹೊಸ ಕೋಣೆಗೂ ಬಂತು, ನರಕೋಶಗಳಲ್ಲಿ ಕೂತಿದ್ದ ಪಾಲು ಅದು. ಇನ್ನೊಂದು ಪಾಲು ಹಳೆಯ ಕೋಣೆಯಲ್ಲೇ ಉಳಿದುಹೋಯಿತು.

ಮನುಷ್ಯರಿಂದಲೂ ಸೀಗಲ್ ಮಾಹಿತಿ ಕೂಡಿಸಿದ್ದರು. ಹೆರಾಯಿನ್ ಓವರ್‌ಡೋಸ್ ಆಗಿ ಬದುಕಿ ಉಳಿದ ಹತ್ತು ಜನರನ್ನು ಮಾತನಾಡಿಸಿ 1984ರಲ್ಲಿ ಬರೆದರು. ಹತ್ತರಲ್ಲಿ ಏಳು ಜನರಿಗೆ ಆ ದಿನ ಜಾಗವೋ, ತೆಗೆದುಕೊಂಡ ರೀತಿಯೋ ಎಂದಿನಂತೆ ಇರಲಿಲ್ಲ. ಹತ್ತು ಜನ ಅಂದರೆ ತೀರಾ ಚಿಕ್ಕ ಲೆಕ್ಕ, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದರೆ ಇಲಿಗಳ ಪ್ರಯೋಗದ ಪಕ್ಕದಲ್ಲಿ ಇಟ್ಟು ನೋಡಿದಾಗ ಅದಕ್ಕೆ ಬೆಲೆ ಬರುತ್ತದೆ.

ಹೆಂಡಕ್ಕೂ ಇದು ಅನ್ವಯಿಸುತ್ತದಾ

ಅನ್ವಯಿಸುತ್ತದೆ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳ ಮೇಲೆ 1997ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂದೇ ಅಳತೆಯ ಆಲ್ಕೋಹಾಲ್ ಅನ್ನು ಕೆಲವರಿಗೆ ಬಿಯರ್ ರೂಪದಲ್ಲಿ ಕೊಟ್ಟರು. ಇನ್ನು ಕೆಲವರಿಗೆ ಅವರು ಎಂದೂ ಕುಡಿಯದ, ಪೆಪ್ಪರ್‌ಮಿಂಟ್ ರುಚಿಯ ನೀಲಿ ಪಾನೀಯದಲ್ಲಿ ಕೊಟ್ಟರು. ನೀಲಿ ಪಾನೀಯ ಕುಡಿದವರಿಗೇ ನಶೆ ಜಾಸ್ತಿ ಆಯಿತು, ಕೊಟ್ಟ ಪರೀಕ್ಷೆಗಳಲ್ಲೂ ಅವರೇ ಹೆಚ್ಚು ತಡವರಿಸಿದರು. ಬಿಯರ್‌ನ ಬಣ್ಣ, ವಾಸನೆ, ರುಚಿಯೇ ಮೈಗೆ ಮುನ್ಸೂಚನೆ ಕೊಟ್ಟಿತ್ತು. ನೀಲಿ ಪಾನೀಯ ಯಾವ ಸುಳಿವನ್ನೂ ಕೊಡಲಿಲ್ಲ.

ದಿನಾ ಒಂದೇ ಬಾರ್, ಒಂದೇ ಟೇಬಲ್, ಒಂದೇ ಬ್ರ್ಯಾಂಡ್ ಇರುವ ಮನುಷ್ಯ ಅಲ್ಲಿ ಎಷ್ಟು ಕುಡಿದರೂ ಮಾತು ತೊದಲುವುದಿಲ್ಲ, ಹೆಜ್ಜೆ ತಪ್ಪುವುದಿಲ್ಲ. ನೋಡಿದವರು, ಅವನದು ಗಟ್ಟಿ ಮೈ ಅನ್ನುತ್ತಾರೆ. ಅವನೂ ಹಾಗೇ ನಂಬುತ್ತಾನೆ. ನೆಂಟರ ಊರಿನ ಮದುವೆಯಲ್ಲಿ ಯಾರೋ ಕೊಟ್ಟ ಬೇರೆ ಪಾನೀಯವನ್ನು ಅದೇ ಲೆಕ್ಕದಲ್ಲಿ ಕುಡಿದಾಗ ಆ ನಂಬಿಕೆ ಕೈಕೊಡಬಹುದು.

ಗಟ್ಟಿ ಮೈ ಎಂಬ ಈ ಮಾತಿನ ಬಗ್ಗೆ ನನಗೆ ನಿಜವಾಗಿಯೂ ಆತಂಕ ಇದೆ. ಮೈಯ ಎಲ್ಲಾ ಭಾಗಗಳೂ ಒಂದೇ ಸಮ ಒಗ್ಗುವುದಿಲ್ಲ. ಮಾತು, ನಡಿಗೆ ಬೇಗ ಒಗ್ಗುತ್ತವೆ. ಲಿವರ್‌ಗೆ ಆಗುವ ಪೆಟ್ಟು ಕಡಿಮೆಯಾಗುವುದಿಲ್ಲ, ಕುಡಿಯುವ ಅಳತೆ ಏರಿದಂತೆ ಪೆಟ್ಟೂ ಏರುತ್ತದೆ. ಉಸಿರು ನಿಲ್ಲಿಸುವ ಅಳತೆಯಂತೂ ಅಷ್ಟಾಗಿ ಮೇಲೆ ಹೋಗುವುದಿಲ್ಲ. ಹಾಗಾಗಿ ನಶೆ ಏರಿಸುವ ಅಳತೆಗೂ ಜೀವ ತೆಗೆಯುವ ಅಳತೆಗೂ ನಡುವಿನ ಅಂತರ ವರ್ಷ ವರ್ಷಕ್ಕೂ ಕಿರಿದಾಗುತ್ತಾ ಬರುತ್ತದೆ. ಗಾಡಿ ಓಡಿಸುವವರಿಗೆ ನಮ್ಮ ಕಾನೂನು ಹಾಕಿರುವ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ನೆಟ್ಟಗೆ ನಿಂತಿದ್ದೇನೆ ಅನ್ನುವುದರಿಂದ ರಕ್ತದಲ್ಲಿರುವುದು ಕಡಿಮೆಯಾಗುವುದಿಲ್ಲ.

ಗಳಿಸಿದ ಟಾಲರೆನ್ಸ್ ಕರಗಿಯೂ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕದಲ್ಲಿ ಮದ್ಯದಂಗಡಿಗಳು ಮುಚ್ಚಿದವು. ಸಿದ್ಧವಾಗಿ ನಿಂತ ಹೆಗಲಿಗೆ ಮೂಟೆ ಬಾರದಿದ್ದರೂ ಆಳು ಮುಗ್ಗರಿಸುತ್ತಾನೆ. ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್, ಭ್ರಮೆ ಅಂತ ಬಂದ ಕುಡುಕರ ಸಂಖ್ಯೆ ಆಗ ಏರಿತ್ತು. ಮೇ 4ಕ್ಕೆ ಅಂಗಡಿ ತೆರೆದಾಗ ಉದ್ದದ ಸಾಲು. ಆ ಸಾಲಿನಲ್ಲಿ ನಿಂತಿದ್ದವರಲ್ಲಿ ತಿಂಗಳಿಗೂ ಹೆಚ್ಚು ಕಾಲ ಒಂದು ತೊಟ್ಟೂ ಸಿಗದಿದ್ದವರ ಮೈ ಮಾರ್ಚ್‌ನ ಮೈಯಾಗಿ ಉಳಿದಿರಲಿಲ್ಲ. ಹಳೆಯ ಅಳತೆ ಮಾತ್ರ ತಲೆಯಲ್ಲಿ ಹಾಗೇ ಇತ್ತು.

ಹೆರಾಯಿನ್‌ನಂಥ ಡ್ರಗ್‌ಗಳಲ್ಲಿ ಇದು ಇನ್ನೂ ಭಯಂಕರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದವರನ್ನು ಹಿಂಬಾಲಿಸಿದ ಅಧ್ಯಯನ 2007ರಲ್ಲಿ ಬಂತು. ಹೊರಬಂದ ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯುವ ಸಂಭವ ಆ ರಾಜ್ಯದ ಉಳಿದ ಜನರಿಗಿಂತ 129 ಪಟ್ಟು ಇತ್ತು. ಡೀ-ಅಡಿಕ್ಷನ್ ಕೇಂದ್ರದಿಂದ ಮನೆಗೆ ಬಂದ ಮಗನಿಗೋ ತಮ್ಮನಿಗೋ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು. ಬಿಟ್ಟು ಬಂದಿದ್ದಾನೆ, ಇನ್ನು ಆ ಮಾತು ಯಾಕೆ ಅಂತ ಮನೆಯವರು ಸುಮ್ಮನಾಗುತ್ತಾರೆ. ನಾಚಿಕೆಗೋ ಭಯಕ್ಕೋ ಬಿಟ್ಟ ಆ ಒಂದು ಮಾತಿಗೆ ಜೀವ ಹೋಗಬಹುದು.

ಮನೆಯಲ್ಲಿ ಮಾರ್ಫೀನ್ ಕೊಡುತ್ತಿರುವವರಿಗೆ

ಇದನ್ನು ಓದುತ್ತಿರುವ ಯಾರದೋ ಮನೆಯಲ್ಲಿ ಈಗಲೇ ಒಬ್ಬ ಕ್ಯಾನ್ಸರ್ ರೋಗಿ ಇರಬಹುದು. ಅವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಈ ಪ್ರಕರಣಕ್ಕೆ ಹೆದರಿ ಮಾರ್ಫೀನ್ ನಿಲ್ಲಿಸಬೇಡಿ. ನಮ್ಮ ದೇಶದಲ್ಲಿ ಮಾರ್ಫೀನ್ ಜಾಸ್ತಿ ಸಿಕ್ಕಿದ್ದರಿಂದ ನರಳಿದವರಿಗಿಂತ, ಸಿಗದೆ ನೋವಿನಲ್ಲೇ ಕಣ್ಣು ಮುಚ್ಚಿದವರೇ ಹೆಚ್ಚು. ಅದಕ್ಕೇ 2014ರಲ್ಲಿ ಮಾದಕ ವಸ್ತು ಕಾನೂನಿಗೆ ತಿದ್ದುಪಡಿ ತಂದು ಆಸ್ಪತ್ರೆಗಳಿಗೆ ಮಾರ್ಫೀನ್ ಸಿಗುವುದನ್ನು ಸುಲಭ ಮಾಡಿದರು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಮನೆಗೇ ಬಂದು ನೋಡಿಕೊಳ್ಳುವ ವ್ಯವಸ್ಥೆಯನ್ನೂ ಇಟ್ಟುಕೊಂಡಿವೆ. ಇಲ್ಲಿ ಮನೆಯಲ್ಲಿ ಕೊಡುವುದು ಹೆಚ್ಚಾಗಿ ಮಾತ್ರೆ. ಅದು ಇಂಜೆಕ್ಷನ್‌ನಷ್ಟು ಬೇಗ ಏರುವುದಿಲ್ಲ. ಡಾಕ್ಟರ್ ನೋಡಿಕೊಂಡು ಮೆಲ್ಲಗೆ ಏರಿಸುವ ಮಾರ್ಫೀನ್‌ನಿಂದ ಉಸಿರು ನಿಲ್ಲುವುದು ಅಪರೂಪ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮಾತ್ರ ನೋವಿನ ಜೊತೆಗೆ ಬೆವರು, ಭೇದಿ, ಚಡಪಡಿಕೆ ಎಲ್ಲಾ ಸೇರಿಕೊಳ್ಳುತ್ತದೆ.

ನೋಡಬೇಕಾದದ್ದು ಉಸಿರನ್ನು. ಮಾರ್ಫೀನ್ ತೆಗೆದುಕೊಳ್ಳುವವರ ಕಣ್ಣಿನ ಪಾಪೆ ಸಾಮಾನ್ಯವಾಗಿ ಚಿಕ್ಕದಾಗೇ ಇರುತ್ತದೆ, ಆ ಒಂದು ಪರಿಣಾಮಕ್ಕೆ ಮೈ ಅಷ್ಟಾಗಿ ಒಗ್ಗುವುದಿಲ್ಲ. ಮಲಬದ್ಧತೆಗೂ ಒಗ್ಗುವುದಿಲ್ಲ, ಅದಕ್ಕೇ ಡಾಕ್ಟರ್ ಜೊತೆಯಲ್ಲಿ ಮಲ ಸಡಿಲ ಮಾಡುವ ಔಷಧಿಯನ್ನೂ ಬರೆಯುತ್ತಾರೆ. ಆದ್ದರಿಂದ ಬರೀ ಪಾಪೆ ನೋಡಿ ಗಾಬರಿಯಾಗಬೇಡಿ. ಎಬ್ಬಿಸಿದರೂ ಏಳದಂಥ ಮಂಪರು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ತುಟಿ ನೀಲಿಯಾಗುವುದು, ಇವು ಕಂಡರೆ ಒಂದು ಕ್ಷಣವೂ ಕಾಯದೆ 108ಕ್ಕೆ ಮತ್ತು ಡಾಕ್ಟರಿಗೆ ಫೋನ್ ಮಾಡಿ. ಮಾರ್ಫೀನ್ ಪರಿಣಾಮವನ್ನು ಹಿಂದೆಗೆಸುವ ನಲಾಕ್ಸೋನ್ ಎಂಬ ಔಷಧಿ ಇದೆ.

ಮನೆಯಲ್ಲಿ ಔಷಧಿ ಬರೆದಿಡುವ ನೋಟ್‌ಬುಕ್ ಇದ್ದೇ ಇರುತ್ತದೆ. ಎಷ್ಟು ಗಂಟೆಗೆ, ಎಷ್ಟು ಮಿಲಿಗ್ರಾಂ ಅಂತ ಅದರಲ್ಲಿ ಎರಡು ಕಾಲಂ. ಆ ಮಗನೂ ಇಂಥದ್ದೊಂದು ಬರೆದಿಟ್ಟಿದ್ದರೆ ಆ ದಿನದ ಸಾಲು ಹಿಂದಿನ ದಿನದ ಸಾಲಿನ ಹಾಗೇ ಇರುತ್ತಿತ್ತು. ಎಲ್ಲಿ ಕೊಟ್ಟಿರಿ ಎಂಬ ಮೂರನೇ ಕಾಲಂ ಒಂದನ್ನು ಹಾಕಿಕೊಳ್ಳಿ. ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ, ಹಾಸನದ ಮನೆಯಿಂದ ಬೆಂಗಳೂರಿನ ಮಗಳ ಮನೆಗೆ ಕರೆದೊಯ್ದ ದಿನ, ಮಂಚವನ್ನು ಬೇರೆ ಕೋಣೆಗೆ ಹಾಕಿದ ದಿನ, ನರ್ಸ್‌ಗೆ ಒಂದು ಫೋನ್ ಮಾಡಿ ತಿಳಿಸಿ. ಹೊಸ ಜಾಗದಲ್ಲಿ ಮೊದಲ ಡೋಸ್ ಕೊಟ್ಟ ಮೇಲೆ ಒಂದೆರಡು ಗಂಟೆ ಯಾರಾದರೂ ಒಬ್ಬರು ಪಕ್ಕದಲ್ಲೇ ಕೂತು, ಎದೆ ಏರಿಳಿಯುವುದನ್ನು ನೋಡುತ್ತಿರಲಿ.